ಹರಿತವೂ ಬೇಕು, ಮುರಿಯಲೂ ಬಾರದು!

ಇದು 2004ರ ಬೇಸಿಗೆ ರಜೆಯ ಮಾತು. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಒಂದು ಕತ್ತಿ ಇತ್ತು. ಮಲೆನಾಡಿನ ಮನೆಮನೆಯಲ್ಲೂ ಇರುವಂಥದ್ದೇ. ತುದಿಯಲ್ಲಿ ಕೊಂಚ ಬಾಗಿದ ಅಲಗು, ಮರದ ಹಿಡಿ, ಹಿಡಿಯ ಬುಡಕ್ಕೊಂದು ಕಬ್ಬಿಣದ ಬಳೆ. ಸೊಪ್ಪು ಸವರುವುದರಿಂದ ಹಿಡಿದು ಹಲಸಿನ ಹಣ್ಣು ಕೊಯ್ಯುವವರೆಗೆ ಎಲ್ಲಕ್ಕೂ ಅದೇ ಬೇಕು. ಆದರೆ ಆ ವರ್ಷ ಅದು ಪದೇ ಪದೇ ಮೊಂಡಾಗತೊಡಗಿತ್ತು. ಬೆಳಿಗ್ಗೆ ಮಸೆದರೆ ಸಂಜೆಗೆ ಮೊಂಡು.

ನಾನು ವಿಜ್ಞಾನದ ಮೇಷ್ಟ್ರು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆಂದು ಪ್ರತಿ ವರ್ಷ ಪಾಠ ಹೇಳುವವನು. ಕಮ್ಮಾರನ ಮನೆಗೆ ಹೋಗುವುದೇಕೆ? ಬಚ್ಚಲೊಲೆಯ ಕೆಂಡದಲ್ಲಿ ಕತ್ತಿಯನ್ನು ಹೂತು, ಊದುಗೊಳವೆಯಿಂದ ಊದಿ ಊದಿ, ಅಲಗು ಚೆನ್ನಾಗಿ ಕೆಂಪಾದ ಮೇಲೆ ಬಕೆಟ್ಟಿನ ನೀರಿಗೆ ಅದ್ದಿದೆ. 'ಚುಂಯ್' ಎಂದಿತು. ಪರೀಕ್ಷೆಗೆಂದು ಅರ ಹಾಕಿ ನೋಡಿದೆ. ಅರ ಗಾಜಿನ ಮೇಲೆ ಜಾರಿದಂತೆ ಜಾರಿತು! ಮನೆಯವರನ್ನೆಲ್ಲ ಕರೆದು ತೋರಿಸಿ ಬೀಗಿದೆ. ಮಸೆಗಲ್ಲಿನ ಮೇಲೆ ಮಸೆದು ಕಾಗದ ಕತ್ತರಿಸಿದೆ. ಬ್ಲೇಡಿನಂತೆ ಕತ್ತರಿಸಿತು.

ಮೂರನೆಯ ದಿನ ಸುಲಿದ ತೆಂಗಿನಕಾಯಿಗೆ ಅದೇ ಕತ್ತಿಯಿಂದ ಒಂದು ಏಟು ಹಾಕಿದೆ. ಕಾಯಿ ಒಡೆಯಿತು. ಜೊತೆಗೆ ಅಲಗಿನಿಂದ ಉಗುರಿನಷ್ಟು ದೊಡ್ಡ ಚಕ್ಕೆಯೊಂದು ಎದ್ದು, ಎಳನೀರು ಹಿಡಿಯಲು ಲೋಟ ಹಿಡಿದು ಪಕ್ಕದಲ್ಲಿ ಕುಳಿತಿದ್ದ ಮಗಳ ಕೆನ್ನೆಗೆ ತಾಗಿತು. ಕಣ್ಣಿಗೂ ಗಾಯಕ್ಕೂ ಇದ್ದ ಅಂತರ ಒಂದು ಬೆರಳು. ಎರಡು ಹೊಲಿಗೆ ಬಿದ್ದವು. ಆ ಗುರುತು ಈಗಲೂ ಇದೆ.

'ಹದ ಇಳ್ಸಿದ್ರಾ ಮೇಷ್ಟ್ರೇ?'

ಮರುದಿನ ಮುರಿದ ಕತ್ತಿ ಹಿಡಿದು ಊರಿನ ಆಚಾರ್ರ ಕುಲುಮೆಗೆ ಹೋದೆ. ಅವರು ಅದನ್ನು ತಿರುಗಿಸಿ ನೋಡಿದರು. ಮುರಿದ ಜಾಗದಲ್ಲಿ ಸಕ್ಕರೆಯ ಹರಳುಗಳಂಥ ಮಿಣುಕು.

"ನೀರು ಕುಡ್ಸಿದ್ದು ಯಾರು?"

"ನಾನೇ."

"ಆಮೇಲೆ ಹದ ಇಳ್ಸಿದ್ರಾ ಮೇಷ್ಟ್ರೇ?"

ನಾನು ಮಾತಾಡಲಿಲ್ಲ. ಅವರು ನಗಲಿಲ್ಲ. "ನೀರು ಕುಡ್ಸೋದು ಅರ್ಧ ಕೆಲ್ಸ. ಹದ ಇಳ್ಸೋದೇ ಕೆಲ್ಸ" ಎಂದಷ್ಟೇ ಹೇಳಿ ತಿದಿಯ ಕಡೆಗೆ ತಿರುಗಿದರು.

ಸುತ್ತಿಗೆ ಹಿಡಿದು ಎದುರಿಗೆ ನಿಂತಿದ್ದವನು ಅವರ ಮಗ, ನನ್ನ ಹಳೆಯ ವಿದ್ಯಾರ್ಥಿ. ಅವನನ್ನು ಕಂಡಾಗ ನನಗೆ ಇನ್ನೊಂದು ಸಂಗತಿ ನೆನಪಾಯಿತು. ಹತ್ತನೆಯ ತರಗತಿಯಲ್ಲಿದ್ದಾಗ ಅವನು ಎದ್ದು ನಿಂತು ಕೇಳಿದ್ದ: "ಸಾರ್, ಕಬ್ಬಿಣ ಕಾಯಿಸುವಾಗ ಮೊದಲು ಹಳದಿ, ಆಮೇಲೆ ನೇರಳೆ, ಆಮೇಲೆ ನೀಲಿ ಬಣ್ಣ ಬರ್ತದಲ್ಲ, ಯಾಕೆ?" ನನಗೆ ಉತ್ತರ ಗೊತ್ತಿರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ" ಎಂದಿದ್ದೆ. ಅವನು ಕುಳಿತ. ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ನನ್ನ ಕತ್ತಿ ಮುರಿಯದಂತೆ ಕಾಯಬಹುದಾಗಿದ್ದ ವಿದ್ಯೆ ಇದ್ದದ್ದು ಆ ಪ್ರಶ್ನೆಯೊಳಗೇ! ಅದು ಹೇಗೆಂದು ನೋಡೋಣ.

ಗಡಸುತನ ಬೇರೆ, ತಾಳಿಕೆ ಬೇರೆ

'ಗಟ್ಟಿ' ಎಂಬ ಒಂದೇ ಮಾತನ್ನು ನಾವು ಎರಡು ಗುಣಗಳಿಗೆ ಬಳಸುತ್ತೇವೆ. ಗಾಜು ಗಟ್ಟಿ, ಮೊಳೆಯಿಂದ ಗೀರಿದರೂ ಸುಲಭವಾಗಿ ಗೆರೆ ಬೀಳದು. ಆದರೆ ಕೈಜಾರಿ ಬಿದ್ದರೆ ಚೂರು ಚೂರು. ಸೈಕಲ್ ಟಯರೂ ಗಟ್ಟಿ. ಎಷ್ಟು ಬಡಿದರೂ ಒಡೆಯದು. ಆದರೆ ಬ್ಲೇಡು ತಾಗಿದರೆ ಗೀರು ಬೀಳುತ್ತದೆ. ಗೀರಿಗೆ, ಒತ್ತಿಗೆ ಜಗ್ಗದಿರುವ ಗುಣ ಗಡಸುತನ. ಏಟನ್ನು ನುಂಗಿಕೊಂಡು ಒಡೆಯದೆ ಉಳಿಯುವ ಗುಣ ತಾಳಿಕೆ.

ಎರಡನ್ನೂ ಅಳೆಯುವ ಯಂತ್ರಗಳಿವೆ. ಗಡಸುತನಕ್ಕೆ ರಾಕ್‌ವೆಲ್ ಪರೀಕ್ಷೆ. ವಜ್ರದ ಸಣ್ಣ ಮೊನೆಯನ್ನು 150 ಕಿಲೋಗ್ರಾಂ ಭಾರದಿಂದ ಉಕ್ಕಿನೊಳಕ್ಕೆ ಒತ್ತಿ, ಎಷ್ಟು ಆಳ ಇಳಿಯಿತೆಂದು ನೋಡುತ್ತಾರೆ. ಒಳ್ಳೆಯ ಅಡುಗೆಮನೆಯ ಚಾಕುವಿಗೆ ಈ ಅಳತೆಯಲ್ಲಿ ಸುಮಾರು 54ರಿಂದ 60 ಅಂಕ. ಅರಕ್ಕೆ 62ಕ್ಕೂ ಹೆಚ್ಚು. ತಾಳಿಕೆಗೆ ಚಾರ್ಪಿ ಪರೀಕ್ಷೆ. ಫ್ರಾನ್ಸಿನ ಜಾರ್ಜ್ ಚಾರ್ಪಿ 1901ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಲೋಲಕದಂತೆ ತೂಗುವ ದೊಡ್ಡ ಸುತ್ತಿಗೆಯಿಂದ ಉಕ್ಕಿನ ತುಂಡನ್ನು ಹೊಡೆದು ಮುರಿಯುತ್ತಾರೆ. ಮುರಿಯಲು ಎಷ್ಟು ಶಕ್ತಿ ಖರ್ಚಾಯಿತೋ ಅಷ್ಟು ಅದರ ತಾಳಿಕೆ.

ತೊಡಕು ಇರುವುದು ಇಲ್ಲಿಯೇ. ಒಂದೇ ಉಕ್ಕಿನಲ್ಲಿ ಗಡಸುತನ ಹೆಚ್ಚಿಸಿದರೆ ಸಾಮಾನ್ಯವಾಗಿ ತಾಳಿಕೆ ಕುಗ್ಗುತ್ತದೆ. ತಾಳಿಕೆ ಹೆಚ್ಚಿಸಿದರೆ ಗಡಸುತನ ಇಳಿಯುತ್ತದೆ. ಕತ್ತಿಗೆ ಎರಡೂ ಬೇಕು. ಹರಿತ ಉಳಿಯಲು ಗಡಸುತನ, ಮುರಿಯದಿರಲು ತಾಳಿಕೆ. ಈ ಎರಡರ ನಡುವೆ ಮಾಡುವ ರಾಜಿಗೇ ಕನ್ನಡದಲ್ಲಿ 'ಹದ' ಎನ್ನುತ್ತಾರೆ. ಮಣ್ಣಿಗೆ, ಬೆಲ್ಲದ ಪಾಕಕ್ಕೆ, ದೋಸೆ ಹಿಟ್ಟಿಗೆ ಹೇಳುವ ಅದೇ ಹದ.

ಕಬ್ಬಿಣದೊಳಗೆ ಏನಾಗುತ್ತದೆ?

ಉಕ್ಕೆಂದರೆ ಕಬ್ಬಿಣಕ್ಕೆ ತುಸು ಇಂಗಾಲ ಸೇರಿದ ಮಿಶ್ರಲೋಹ. ಕಿಟಕಿಯ ಸರಳಿನಲ್ಲಿ ಇಂಗಾಲ ಸುಮಾರು ಶೇ 0.2. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಶೇ 0.5ರಿಂದ 0.6. ಅರದಲ್ಲಿ ಶೇ 1ಕ್ಕೂ ಮೇಲೆ. ನೋಡಲು ಎಲ್ಲವೂ ಒಂದೇ. ಆದರೆ ಕಿಟಕಿಯ ಸರಳನ್ನು ಎಷ್ಟು ಕಾಯಿಸಿ ಅದ್ದಿದರೂ ಕತ್ತಿಗೆ ಬೇಕಾದಷ್ಟು ಗಡಸು ಬಾರದು. ನಮ್ಮ ಕಮ್ಮಾರರು ಗುಜರಿಯಿಂದ ಲಾರಿಯ ಪಟ್ಟಿಯನ್ನೇ ಹುಡುಕಿ ತರುವುದು ಇದಕ್ಕೆ. ನೇಪಾಳದಲ್ಲಿ ಖುಕುರಿ ಮಾಡುವ ಕಮ್ಮಾರರೂ ಇದನ್ನೇ ಬಳಸುತ್ತಾರೆ.

ಸಾಮಾನ್ಯ ಉಷ್ಣತೆಯಲ್ಲಿ ಕಬ್ಬಿಣದ ಪರಮಾಣುಗಳ ಜೋಡಣೆಯಲ್ಲಿ ಇಂಗಾಲಕ್ಕೆ ಹೆಚ್ಚು ಜಾಗವಿಲ್ಲ. 727 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಉಕ್ಕಿನೊಳಗೆ ಆ ಜೋಡಣೆಯೇ ಬದಲಾಗತೊಡಗುತ್ತದೆ. ಹೊಸ ಜೋಡಣೆಯಲ್ಲಿ ಇಂಗಾಲದ ಪರಮಾಣುಗಳು ಆರಾಮವಾಗಿ ಸೇರಿಕೊಳ್ಳುತ್ತವೆ. ನಿಧಾನವಾಗಿ ತಣಿದರೆ ಅವು ಮತ್ತೆ ಹೊರಬಂದು ಬೇರೆಯಾಗಿ ನೆಲೆಸುತ್ತವೆ, ಉಕ್ಕು ಮೆದುವಾಗುತ್ತದೆ. ಥಟ್ಟನೆ ನೀರಿಗೆ ಅದ್ದಿದರೆ? ಹೊರಬರಲು ಸಮಯವೇ ಇಲ್ಲ. ಇಂಗಾಲ ಒಳಗೇ ಸಿಕ್ಕಿಬೀಳುತ್ತದೆ. ಬಸ್ಸಿನ ಮೂರು ಜನರ ಸೀಟಿನಲ್ಲಿ ಐವರು ತುರುಕಿಕೊಂಡಂತೆ! ಯಾರೂ ಅಲುಗಾಡುವಂತಿಲ್ಲ. ಆದ್ದರಿಂದಲೇ ಅದು ಗಡಸು. ಆದರೆ ಒಳಗೆಲ್ಲ ಬಿಗಿತ ತುಂಬಿರುವುದರಿಂದ ಸಣ್ಣ ಏಟಿಗೂ ಬಿರುಕು ಓಡುತ್ತದೆ. ಈ ಸ್ಥಿತಿಯ ಉಕ್ಕಿಗೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನಲ್ಲಿ 'ಮಾರ್ಟೆನ್ಸೈಟ್' ಎನ್ನುತ್ತಾರೆ.

ನಾನು ಬಚ್ಚಲೊಲೆಯಲ್ಲಿ ತಯಾರಿಸಿದ್ದು ಇದನ್ನೇ. ಅಲ್ಲಿಗೇ ನಿಲ್ಲಿಸಿದ್ದು ನನ್ನ ತಪ್ಪು.

ಬಣ್ಣವೇ ಉಷ್ಣತಾಮಾಪಕ

ಆಚಾರ್ರು ಅಂದು ಹೊಸದೊಂದು ಕತ್ತಿಗೆ ಹದ ಹಾಕಿ ತೋರಿಸಿದರು. ಕೆಂಪಗೆ ಕಾದ ಅಲಗಿನ ಬಾಯಿಯ ಕಡೆಯನ್ನು ಮಾತ್ರ ಬೆರಳಗಲ ನೀರಿಗೆ ಇಳಿಸಿ ತೆಗೆದರು. ಬೆನ್ನು ಇನ್ನೂ ಬಿಸಿಯಾಗಿಯೇ ಇತ್ತು. ಬಾಯಿಯನ್ನು ಕಲ್ಲಿಗೆ ಸರಸರನೆ ಉಜ್ಜಿ ಹೊಳಪು ಬರಿಸಿ, ಕತ್ತಿಯನ್ನು ಎತ್ತಿ ಹಿಡಿದು ಕಾದರು. ಬೆನ್ನಿನ ಬಿಸಿ ಬಾಯಿಯ ಕಡೆಗೆ ಹರಿದಂತೆ ಹೊಳಪಿನ ಮೇಲೆ ಬಣ್ಣಗಳು ಮೆರವಣಿಗೆ ಹೊರಟವು. ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಬಾಯಂಚಿಗೆ ಕಂದು ತಲುಪಿ ನೇರಳೆ ಇಣುಕುವ ಹೊತ್ತಿಗೆ ಪೂರ್ತಿ ಕತ್ತಿಯನ್ನು ನೀರಿಗೆ ಅದ್ದಿದರು. "ಇಷ್ಟೇ."

ಕಾದ ಉಕ್ಕಿನ ಮೇಲೆ ಗಾಳಿಯ ಆಮ್ಲಜನಕದಿಂದ ಆಕ್ಸೈಡಿನ ತೆಳು ಪೊರೆ ಬೆಳೆಯುತ್ತದೆ. ಅದು ಕೂದಲಿನ ದಪ್ಪದ ಸುಮಾರು ಸಾವಿರದ ಒಂದು ಪಾಲು. ಪೊರೆಯ ಮೇಲ್ಮೈಯಿಂದ ಹಿಮ್ಮರಳುವ ಬೆಳಕೂ ಅದರಡಿಯ ಲೋಹದಿಂದ ಹಿಮ್ಮರಳುವ ಬೆಳಕೂ ಕೂಡಿದಾಗ ಕೆಲವು ಬಣ್ಣಗಳು ಅಳಿಯುತ್ತವೆ, ಕೆಲವು ಉಳಿಯುತ್ತವೆ. ಸೋಪಿನ ಗುಳ್ಳೆಯಲ್ಲಿ, ಮಳೆಗಾಲದ ರಸ್ತೆಯ ಮೇಲೆ ಚೆಲ್ಲಿದ ಡೀಸೆಲ್‌ನಲ್ಲಿ ಕಾಣುವ ಬಣ್ಣದ ಗುಟ್ಟೂ ಇದೇ. ಬಿಸಿ ಏರಿದಂತೆ ಪೊರೆ ದಪ್ಪವಾಗುತ್ತದೆ, ಬಣ್ಣ ಬದಲಾಗುತ್ತದೆ. ತಿಳಿ ಹಳದಿ ಎಂದರೆ ಸುಮಾರು 220 ಡಿಗ್ರಿ, ಕಂದು 255, ನೇರಳೆ 280, ನೀಲಿ 300. ಬಣ್ಣ ನೋಡಿ ಉಷ್ಣತೆ ಹೇಳಬಹುದು!

ಈ ಬಿಸಿಗೆ ಸಿಕ್ಕಿಬಿದ್ದ ಇಂಗಾಲ ಸ್ವಲ್ಪ ಸ್ವಲ್ಪವೇ ಸಡಿಲಗೊಳ್ಳುತ್ತದೆ. ಸೀಟಿನಿಂದ ಒಬ್ಬಿಬ್ಬರು ಎದ್ದು ನಿಂತಂತೆ. ಗಡಸುತನ ಕೊಂಚ ಇಳಿಯುತ್ತದೆ, ತಾಳಿಕೆ ಏರುತ್ತದೆ. ಕ್ಷೌರದ ಕತ್ತಿಯನ್ನು ಹಳದಿಯಲ್ಲೇ ನಿಲ್ಲಿಸಬಹುದು. ಅದಕ್ಕೆ ಏಟು ತಿನ್ನುವ ಕೆಲಸವಿಲ್ಲ. ಸೌದೆ ಕಡಿಯುವ ಕತ್ತಿಗೆ ಕಂದು, ನೇರಳೆ ಬೇಕು. ಸ್ಪ್ರಿಂಗಿಗೆ ನೀಲಿ. ಆಚಾರ್ರ ಕತ್ತಿಯಲ್ಲಿ ಬಾಯಿ ಗಡಸಾಗಿತ್ತು, ಬೆನ್ನು ಮೆದುವಾಗಿ ಉಳಿದಿತ್ತು. ಹರಿತ ಉಳಿಸುವುದು ಬಾಯಿ, ಏಟು ತಾಳುವುದು ಬೆನ್ನು. ಜಪಾನಿನ ಕತ್ತಿ ತಯಾರಕರು ಬೆನ್ನಿಗೆ ದಪ್ಪಗೆ ಜೇಡಿಮಣ್ಣು ಬಳಿದು ಸಾಧಿಸುವುದೂ ಇದನ್ನೇ.

ಒಂದು ಸಣ್ಣ ಲೆಕ್ಕ

ಹದವೊಂದೇ ಸಾಲದು, ಬಾಯಿಯ ಆಕಾರವೂ ಮುಖ್ಯ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. 10 ಸೆಂಟಿಮೀಟರ್ ಉದ್ದದ ಅಲಗಿನ ಅಂಚು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಅಗಲವಿದ್ದರೆ ಅದರ ವಿಸ್ತೀರ್ಣ 0.001 ಚದರ ಸೆಂಟಿಮೀಟರ್. ಒಂದು ಕಿಲೋ ಭಾರ ಹಾಕಿದರೆ ಚದರ ಸೆಂಟಿಮೀಟರಿಗೆ 1000 ಕಿಲೋ ಒತ್ತಡ! ಅಂಚು ಸವೆದು 0.05 ಮಿಲಿಮೀಟರ್ ಅಗಲವಾದರೆ ಅದೇ ಭಾರಕ್ಕೆ ಸಿಗುವುದು 20 ಕಿಲೋ ಮಾತ್ರ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸವೆತಕ್ಕೇ ಐವತ್ತು ಪಟ್ಟು ನಷ್ಟ. ಮೊಂಡು ಚಾಕುವಿನಿಂದ ಕೈ ಕೊಯ್ದುಕೊಳ್ಳುವುದು ಹೆಚ್ಚೇಕೆಂದು ಈಗ ತಿಳಿಯಿತಲ್ಲ? ನಾವು ಹೆಚ್ಚು ಒತ್ತುತ್ತೇವೆ, ಅದು ಜಾರುತ್ತದೆ.

ಹಾಗಾದರೆ ಎಲ್ಲ ಕತ್ತಿಗಳನ್ನೂ ಬ್ಲೇಡಿನಷ್ಟು ತೆಳ್ಳಗೆ ಮಾಡಬಾರದೇಕೆ? ಇನ್ನೊಂದು ಲೆಕ್ಕ ನೋಡಿ. 600 ಗ್ರಾಂ ತೂಕದ ಕತ್ತಿಯನ್ನು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬೀಸಿದರೆ ಅದರ ಚಲನಶಕ್ತಿ ಸುಮಾರು 19 ಜೂಲ್. ಅದು ಮರದೊಳಗೆ ಒಂದು ಸೆಂಟಿಮೀಟರಿನಲ್ಲಿ ನಿಂತರೆ ಅಲಗಿನ ಮೇಲೆ ಬೀಳುವ ಸರಾಸರಿ ಬಲ ಸುಮಾರು 1900 ನ್ಯೂಟನ್. ಎಂದರೆ ಸರಿಸುಮಾರು 200 ಕಿಲೋ ಭಾರ! ಎರಡು ಮೂಟೆ ಅಕ್ಕಿ ಹೊತ್ತಷ್ಟು ಹೊರೆ ಆ ಅಂಚಿನ ಮೇಲೆ. ತರಕಾರಿ ಹೆಚ್ಚುವ ಚಾಕುವಿನ ಅಂಚಿನ ಕೋನ 30ರಿಂದ 40 ಡಿಗ್ರಿ ಇದ್ದರೆ ಸಾಕು. ಕಡಿಯುವ ಕತ್ತಿಗೆ ಅದಕ್ಕಿಂತ ಅಗಲವಾದ ಕೋನ ಬೇಕು. ಪಟ್ಟಿಯ ದಪ್ಪ ಇಮ್ಮಡಿಸಿದರೆ ಬಾಗದಿರುವ ಬಿಗುವು ಎಂಟು ಪಟ್ಟು ಹೆಚ್ಚುತ್ತದೆಂಬುದನ್ನು ನೆನಪಿಡಿ.

ಆದ್ದರಿಂದ 'ಯಾವ ಕತ್ತಿ ಒಳ್ಳೆಯದು?' ಎಂಬ ಪ್ರಶ್ನೆಗೆ ಉತ್ತರವಿಲ್ಲ. 'ಯಾವ ಕೆಲಸಕ್ಕೆ?' ಎಂದು ಮೊದಲು ಕೇಳಬೇಕು. ಒಳ್ಳೆಯ ಕಮ್ಮಾರ ಹಾಗೆಯೇ ಕೇಳುತ್ತಾನೆ.

ಉಕ್ಕಿನ ನಾಡು

ಈ ವಿದ್ಯೆ ನಮಗೆ ಹೊಸದಲ್ಲ. ದಕ್ಷಿಣ ಭಾರತದ ಮೂಸೆ ಉಕ್ಕು ಪಶ್ಚಿಮ ಏಷ್ಯಾದವರೆಗೂ ಹೋಗಿ ಹೆಸರಾಂತ ಖಡ್ಗಗಳಾಗುತ್ತಿತ್ತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ 'ವೂಟ್ಸ್' ಎಂಬ ಹೆಸರು ಬಂದದ್ದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸುವ ಕ್ರಮವನ್ನು ಬರೆದಿಟ್ಟರು. ಕಡ್ಡಿ, ಎಲೆಗಳಿಂದ ಇಂಗಾಲ ಕಬ್ಬಿಣಕ್ಕೆ ಸೇರುತ್ತಿತ್ತು. ವಿದ್ಯುತ್ತಿನ ಪ್ರಯೋಗಗಳಿಂದ ನಮಗೆಲ್ಲ ಪರಿಚಿತರಾದ ಮೈಕೆಲ್ ಫ್ಯಾರಡೆ ಕೂಡ ಸ್ಟೊಡಾರ್ಟ್ ಎಂಬವರ ಜೊತೆ ಸೇರಿ 1820ರ ಸುಮಾರಿಗೆ ಈ ಉಕ್ಕಿನ ಗುಟ್ಟು ಹುಡುಕಿದರು.

ಆ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 1.5. ತಮ್ಮ ರೂಢಿಯಂತೆ ಅದನ್ನು ಬಿಳಿಕಾವು ಬರುವಷ್ಟು ಕಾಯಿಸಿ ಬಡಿದ ಯೂರೋಪಿನ ಕಮ್ಮಾರರಿಗೆ ಅದು ಸುತ್ತಿಗೆಯಡಿ ಪುಡಿಯಾಯಿತು. ಉಕ್ಕು ಅವರಿಗೆ ಸಿಕ್ಕಿತ್ತು, ಹದ ಸಿಕ್ಕಿರಲಿಲ್ಲ. ನನ್ನ ಹಾಗೆಯೇ!

ಹರಿತದ ಶತ್ರುಗಳು

ಕತ್ತಿ ಮೊಂಡಾಗುವುದು ಮುಖ್ಯವಾಗಿ ನಾಲ್ಕು ರೀತಿಯಲ್ಲಿ. ಉಕ್ಕು ಮೆದುವಾಗಿದ್ದರೆ ಅಂಚು ಮಡಚಿಕೊಳ್ಳುತ್ತದೆ. ಅತಿ ಗಡಸಾಗಿದ್ದರೆ ಚಕ್ಕೆ ಏಳುತ್ತದೆ. ಮಣ್ಣು, ಮರಳು ತಾಗಿದರೆ ಸವೆಯುತ್ತದೆ. ಹುಳಿ, ತೇವ ತಾಗಿದರೆ ತುಕ್ಕು ತಿನ್ನುತ್ತದೆ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಅಲಗು ಕಪ್ಪಾಗುವುದು ಕಾಯಿಯ ಒಗರು ಕಬ್ಬಿಣದೊಂದಿಗೆ ಸೇರಿದ್ದರಿಂದ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೆಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿ ತಯಾರಿಸಿದ ತುಕ್ಕು ಹಿಡಿಯದ ಉಕ್ಕು ಈ ತೊಂದರೆಯನ್ನು ನೀಗಿತು. ಆದರೆ ಪೇಟೆಯ ಅಗ್ಗದ ಸ್ಟೀಲ್ ಚಾಕುಗಳಲ್ಲಿ ಇಂಗಾಲ ಕಡಿಮೆ. ಹೊಳಪು ಉಳಿಯುತ್ತದೆ, ಹರಿತ ಉಳಿಯುವುದಿಲ್ಲ.

ಮನೆಯಲ್ಲಿ ಪಾಲಿಸಬೇಕಾದ್ದು ಇಷ್ಟು. ಗ್ರಾನೈಟ್ ಕಟ್ಟೆಯ ಮೇಲೆ ತರಕಾರಿ ಹೆಚ್ಚಬೇಡಿ. ಅದರಲ್ಲಿರುವ ಬೆಣಚು ಚಾಕುವಿಗಿಂತ ಗಡಸು. ಮರದ ಹಲಗೆ ಇಟ್ಟುಕೊಳ್ಳಿ. ಬಳಸಿದ ಕೂಡಲೇ ತೊಳೆದು, ಒರೆಸಿ, ಕಬ್ಬಿಣದ ಅಲಗಿಗೆ ತುಸು ಕೊಬ್ಬರಿ ಎಣ್ಣೆ ಸವರಿ. ಸಾಣೆ ಚಕ್ರಕ್ಕೆ ಕೊಟ್ಟರೆ ಮೇಲಿಂದ ಮೇಲೆ ನೀರಿಗೆ ಅದ್ದಲು ಹೇಳಿ. ಅಂಚು ನೀಲಿಯಾಯಿತೆಂದರೆ ಆ ಜಾಗದ ಹದ ಇಳಿದುಹೋಯಿತೆಂದೇ ಅರ್ಥ. ಹೊಸ ಕತ್ತಿ ಕೊಳ್ಳುವಾಗ ಅಂಚಿಗೆ ಅರವನ್ನು ಮೆಲ್ಲಗೆ ತಾಗಿಸಿ ನೋಡಿ. ಪೂರಾ ಜಾರಿದರೆ ಅತಿ ಗಡಸು, ಸಲೀಸಾಗಿ ಕಚ್ಚಿದರೆ ಅತಿ ಮೆದು. ಒಲ್ಲದ ಮನಸ್ಸಿನಿಂದ ಕಚ್ಚಿದರೆ ಹದ ಸರಿಯಿದೆ.

ಮಾಡಿ ನೋಡಿ

ವಿದ್ಯಾರ್ಥಿಗಳೇ, ಕತ್ತಿಯ ಮೇಲೆ ಪ್ರಯೋಗ ಬೇಡ. ನಾಲ್ಕು ಹೊಲಿಗೆ ಸೂಜಿ ಸಾಕು. ಅಪ್ಪ ಅಥವಾ ಅಮ್ಮ ಜೊತೆಗಿರಲಿ, ಕಣ್ಣಿಗೆ ಕನ್ನಡಕವಿರಲಿ, ಸೂಜಿಯನ್ನು ಇಕ್ಕಳದಲ್ಲೇ ಹಿಡಿಯಿರಿ, ಬಗ್ಗಿಸುವಾಗ ದಪ್ಪ ಬಟ್ಟೆ ಮುಚ್ಚಿ. ಮೊದಲನೆಯದನ್ನು ಹಾಗೆಯೇ ಬಗ್ಗಿಸಿ. ಸ್ವಲ್ಪ ಬಾಗಿ ಮುರಿಯುತ್ತದೆ. ಎರಡನೆಯದನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಬಹಳ ನಿಧಾನವಾಗಿ ಉರಿಯಿಂದ ಮೇಲೆತ್ತುತ್ತ ತಣಿಸಿ, ತಂತಿಯಂತೆ ಬಾಗುತ್ತದೆ. ಮೂರನೆಯದನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿಗೆ ಹಾಕಿ, ಮುಟ್ಟಿದರೆ ಮುರಿಯುತ್ತದೆ. ಅದು ನನ್ನ ಕತ್ತಿ! ನಾಲ್ಕನೆಯದಕ್ಕೂ ಹಾಗೆಯೇ ನೀರು ಕುಡಿಸಿ, ಉಪ್ಪುಕಾಗದದಿಂದ ಜಾಗ್ರತೆಯಾಗಿ ಉಜ್ಜಿ ಹೊಳಪು ಬರಿಸಿ, ಉರಿಯ ಮೇಲೆ ಎತ್ತರದಲ್ಲಿ ಹಿಡಿದು ನೀಲಿಯಾಗುವವರೆಗೆ ಬೆಚ್ಚಗೆ ಮಾಡಿ. ಬಾಗಿಸಿ ಬಿಟ್ಟರೆ ಸ್ಪ್ರಿಂಗಿನಂತೆ ಚಿಮ್ಮುತ್ತದೆ. ಒಂದೇ ಉಕ್ಕು, ನಾಲ್ಕು ಸ್ವಭಾವ.

ಆಚಾರ್ರು ಈಗಿಲ್ಲ. ಮಗ ಕುಲುಮೆ ನಡೆಸುತ್ತಿದ್ದಾನೆ. ತಿದಿಯ ಜಾಗದಲ್ಲಿ ವಿದ್ಯುತ್ತಿನ ಬ್ಲೋವರ್ ಬಂದಿದೆ. ಬಣ್ಣ ನೋಡುವ ಕಣ್ಣು ಮಾತ್ರ ಅಪ್ಪನದೇ. ಬಣ್ಣದ ಕಾರಣವನ್ನು ಪುಸ್ತಕಗಳಲ್ಲಿ ಹುಡುಕಿ ತಿಳಿದುಕೊಂಡ ಮೇಲೆ ನಾನೇ ಅಲ್ಲಿಗೆ ಹೋಗಿ, ಅವನ ಹತ್ತನೆಯ ತರಗತಿಯ ಪ್ರಶ್ನೆಗೆ ಉತ್ತರ ಹೇಳಿದೆ. ಪೂರ್ತಿ ಕೇಳಿ, "ಹೌದಾ ಸಾರ್, ಸೋಪಿನ ಗುಳ್ಳೆ ಹಾಗೇನಾ!" ಎಂದ. ಆಮೇಲೆ ಮೆಲ್ಲಗೆ, "ಅವತ್ತೇ ಹೇಳಿದ್ರೆ ಇನ್ನೂ ಎರಡು ಪ್ರಶ್ನೆ ಇತ್ತು ಸಾರ್" ಎಂದು ನಕ್ಕ.

ಆ ಎರಡು ಪ್ರಶ್ನೆಗಳು ಯಾವುವೆಂದು ಕೇಳಿದೆ. ಮರೆತುಹೋಗಿದೆ ಎಂದ.

ಅಂದಿನಿಂದ ಇಂದಿನವರೆಗೆ, ತರಗತಿಯಲ್ಲಿ ಯಾವ ಹುಡುಗ ಹುಡುಗಿ ಏನೇ ಕೇಳಲಿ, 'ಪರೀಕ್ಷೆಗೆ ಬರುವುದಿಲ್ಲ' ಎಂಬ ಮಾತನ್ನು ನಾನು ಆಡಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ನಾಳೆ ಹುಡುಕಿ ಹೇಳುತ್ತೇನೆ ಎನ್ನುತ್ತೇನೆ. ತಂದೆತಾಯಿಗಳೂ ಹಾಗೆಯೇ ಮಾಡಲಿ ಎಂಬುದು ನನ್ನ ಕೋರಿಕೆ. ಮಕ್ಕಳಿಗೂ ನೀರು ಕುಡಿಸಿದರಷ್ಟೇ ಸಾಲದು, ಹದ ಬೇಕು.